ನಾಲ್ಕು ಸ್ವೆಟರ್, ಒಂದೇ ಕೆರೆ

ಅಮ್ಮಾ,

ನೀನು ಹೋಗಿ ಎಂಟು ತಿಂಗಳಾದ ಮೇಲೆ ಬರೆಯುತ್ತಿರುವ ಈ ಕಾಗದಕ್ಕೆ ವಿಳಾಸ ಬೇಕಿಲ್ಲ. ಆದರೂ ಇವತ್ತಿನದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ನನ್ನ ಜೊತೆ ಓದುವ ಲಂಬು ಬೆಳಿಗ್ಗೆ ನನ್ನನ್ನು ಕೆರೆಯ ಹತ್ತಿರ ಎಳೆದುಕೊಂಡು ಹೋದ. ಚೀಲದಿಂದ ನಾಲ್ಕು ಸ್ವೆಟರ್ ತೆಗೆದು, ಒಂದೊಂದನ್ನೇ ಹಾಕಿಕೊಂಡು ಸೇತುವೆ, ಬೆಂಚು, ದೋಣಿ, ಮರದ ಮುಂದೆ ಹಲ್ಲು ಕಿರಿದು ನಿಂತ.

"ವಾರಕ್ಕೊಂದು ಫೋಟೋ ಕಳಿಸ್ತೀನಿ. ಮಗ ಪರದೇಶ ಎಲ್ಲಾ ಸುತ್ತುತಾ ಇದಾನೆ ಅಂತ ಅಮ್ಮ ನೆಮ್ಮದಿಯಾಗಿರ್ತಾಳೆ. ನೀನೇ ತಾನೇ ಹೇಳಿಕೊಟ್ಟಿದ್ದು?" ಅಂದ.

ಹೌದು, ನಾನೇ. ಕಳೆದ ವರ್ಷ ಇದೇ ಕೆರೆಯ ಹತ್ತಿರ ಸ್ವೆಟರ್ ಬದಲಿಸಿ ಬದಲಿಸಿ ಒಂದೇ ಬೆಳಿಗ್ಗೆ ನಾಲ್ಕು ವಾರದ ಸುತ್ತಾಟ ಮುಗಿಸಿ, ಅದನ್ನು ಇವನಿಗೆ ಹೇಳಿಕೊಂಡು ನಕ್ಕಿದ್ದೆ. ಇವತ್ತು ಹೇಸಿಗೆಯಾಯಿತು, ಅವನ ಮೇಲಲ್ಲ. ಆ ಫೋಟೋಗಳನ್ನು ನಿನಗೆ ಕಳಿಸುತ್ತಿದ್ದ ಶನಿವಾರಗಳಲ್ಲಿ ನಾನು ತೊಳೆಯದ ತಟ್ಟೆ, ನಾರುವ ಕಾಲುಚೀಲಗಳ ನಡುವೆ ಮುಸುಕು ಹಾಕಿಕೊಂಡು ಬಿದ್ದಿರುತ್ತಿದ್ದೆ. ನಿನ್ನ ಫೋನು ಬಂದರೆ, "ಹೊರಗಿದ್ದೀನಮ್ಮ" ಎಂದು ಇಟ್ಟುಬಿಡುತ್ತಿದ್ದೆ.

ರೂಮಿಗೆ ಬಂದು ನಿನಗೆ ಕಳಿಸಿದ್ದ ಫೋಟೋಗಳನ್ನು ತೆಗೆದು ನೋಡಿದೆ. ನಾಲ್ಕರಲ್ಲೂ ಗದ್ದದ ಮೇಲೆ, ಕ್ಷೌರ ಮಾಡಿಕೊಳ್ಳುವಾಗ ಆದ ಗಾಯಕ್ಕೆ ಹಚ್ಚಿದ ಪಟ್ಟಿ. ನಾಲ್ಕರಲ್ಲೂ ಅದರ ಅದೇ ಮೂಲೆ ಕಿತ್ತುಬಂದಿದೆ.

ಮೊದಲ ವಾರ ನೀನು, "ಗದ್ದಕ್ಕೇನಾಯ್ತೋ?" ಎಂದು ಕೇಳಿದ್ದೆ. ಎರಡನೇ ವಾರ, "ಇನ್ನೂ ಮಾಗಿಲ್ವಾ?" ಎಂದೆ. ನಾನು, "ಇಲ್ಲಿನ ಚಳಿಗೆ ಗಾಯ ಬೇಗ ಮಾಗಲ್ಲ" ಎಂದುಬಿಟ್ಟೆ.

ಮೂರನೇ ವಾರದಿಂದ ನೀನು ಗಾಯದ ಮಾತೇ ಎತ್ತಲಿಲ್ಲ. "ಆ ನೀಲಿ ಸ್ವೆಟರ್ ನಿಂಗೆ ಒಪ್ಪತ್ತೆ ಕಣೋ," ಎಂದೆ, ಅಷ್ಟೇ.