ಈ ಸಲ ಸಸಿ ನೆಡಬೇಡ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ತಡವಾಯಿತೆಂದು ಮುನಿಯಬೇಡ. ಉತ್ತರಕ್ಕೆ ಕೂತಾಗಲೆಲ್ಲ ಎದ್ದುಹೋಗಿ ಯಾವುದೋ ಪಾತ್ರೆ ಉಜ್ಜುತ್ತಿದ್ದೆ. ಈಗ ಉಜ್ಜಲು ಪಾತ್ರೆಯೂ ಉಳಿದಿಲ್ಲ.

ರೋಗ ಬಿದ್ದ ಕೋಕೋ ಗಿಡಗಳನ್ನು ಕಡಿದು ಹೊಸ ಸಸಿ ನೆಡಲೇ ಎಂದು ಕೇಳಿದ್ದೀಯ. "ನೀನು ಹೂಂ ಅಂದ್ರೆ ನಾಳೆನೇ ಗುಂಡಿ ತೋಡ್ತೀನಿ ಅಕ್ಕ" ಎಂದು ಬೇರೆ ಬರೆದಿದ್ದೀಯ. ನೀನು ಹುಟ್ಟಿದಾಗಿನಿಂದ ಹೀಗೇ, ಗುಂಡಿ ಮೊದಲು, ಯೋಚನೆ ಆಮೇಲೆ. ಸಸಿ ಕಾಯಿ ಬಿಡಲು ವರ್ಷಗಳೇ ಬೇಕು. ಅಷ್ಟು ಕಾದ ಮೇಲೆ ನಾನು ಕೆಲಸ ಮಾಡುವ ಈ ಚಾಕೊಲೇಟ್ ಕಾರ್ಖಾನೆ ನಿನ್ನ ಬೀಜ ಕೊಳ್ಳದಿದ್ದರೆ ಏನು ಮಾಡುತ್ತೀಯ?

ಇಲ್ಲಿ ಹುರಿಯುವ ಕೋಣೆಯ ತುಂಬ ಈಗ ಸೂರ್ಯಕಾಂತಿ ಬೀಜದ ಮೂಟೆಗಳು. ಮಾಲೀಕರು ಓದಿದ ಹುಡುಗಿಯೊಬ್ಬಳನ್ನು ಸೇರಿಸಿಕೊಂಡಿದ್ದಾರೆ. ನಾವೆಲ್ಲ ಅವಳನ್ನು ಕನ್ನಡಕ ಎಂದೇ ಕರೆಯುವುದು. ನೀನು ಕೋಕೋ ಬೀಜಕ್ಕೆ ಹುಳಿ ಬರಿಸುವ ಹಾಗೆಯೇ ಅವಳು ಆ ಬೀಜಕ್ಕೆ ಹುಳಿ ಬರಿಸಿ, ಹುರಿದು, ಅರೆದು, ಕೋಕೋ ಇಲ್ಲದ ಚಾಕೊಲೇಟ್ ಮಾಡುತ್ತಾಳೆ. ಮೊದಲ ದಿನವೇ ಕೇಳಿದೆ, "ಏನಮ್ಮ, ಗಿಳಿ ಸಾಕ್ತೀಯಾ?"

ಅವಳು ನಕ್ಕಳು. "ಗಿಳಿಗೂ ಉಳಿಯುತ್ತೆ ದೊಡ್ಡಮ್ಮ. ಇದಕ್ಕೆ ಕಾಡು ಕಡಿಯೋದು ಬೇಡ, ಒಂದು ಬೆಳೆ ಕೆಟ್ರೆ ಇನ್ನೊಂದು ಬೇಗ ಬರುತ್ತೆ. ಕೋಕೋ ಹೀಗೇ ಕಮ್ಮಿ ಆಗ್ತಾ ಹೋದ್ರೆ ನಾವೆಲ್ಲ ಏನು ಅರೆಯೋದು ಹೇಳಿ?"

ಕೆಟ್ಟವಳಲ್ಲ ಕಣೋ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಕಳೆದ ವಾರ ತೀರ್ಮಾನವಾಯಿತು. ಇನ್ನು ಮುಂದೆ ಸೂರ್ಯಕಾಂತಿಯದೇ ಚಾಕೊಲೇಟ್, ನಿನ್ನ ಬೀಜ ಬೇಡವಂತೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹುರಿಯುವ ಡ್ರಮ್ಮಿನ ಮುಂದೆ ನಿಂತರೆ ಬಾಗಿಲ ಕಡೆ ನೋಡುತ್ತೇನೆ, ಬಾಗಿಲಿಗೆ ಬಂದರೆ ಏನು ಸುಟ್ಟಿತೋ ಎಂದು ಒಳಗೆ ಓಡುತ್ತೇನೆ. ಅರೆಯುವ ಯಂತ್ರದ ಮುದುಕ ಸುಮ್ಮನಿರುತ್ತಾನೆಯೇ? "ನಿಮ್ಮ ತಮ್ಮನೂ ಸೂರ್ಯಕಾಂತಿ ಬಿತ್ಲಿ ಬಿಡಿ, ಸೂರ್ಯ ಏನು ಮಾಲೀಕರ ಅಪ್ಪನ ಮನೆ ಆಸ್ತಿನಾ?" ಅಂದ. ತಮಾಷೆಗೇ ಅಂದದ್ದು. ನಾನು ಸೌಟು ಬಿಸಾಕಿ ಹೊರಗೆ ಬಂದೆ. ಆಮೇಲೆ ಯೋಚಿಸಿದರೆ ಮುದುಕ ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ಮರುಗಳಿಗೆಯೇ ಅವನ ಮೇಲೆ ಮತ್ತೆ ಸಿಟ್ಟು ಬಂತು.

ಅದಕ್ಕೇ ಹೇಳುತ್ತೇನೆ, ಸಸಿ ನೆಡಬೇಡ. ರೋಗಕ್ಕೆ ಹೆದರಿ ಈ ಸಲ ಕಾಯಿ ಬಲಿಯುವ ಮುಂಚೆಯೇ ಕೊಯ್ದೆ ಎಂದು ನೀನೇ ಬರೆದಿದ್ದೀಯ. ಹೆದರಿಕೊಂಡು ಎಷ್ಟು ವರ್ಷ ಬೆಳೆಯುತ್ತೀಯ? ಹೆಂಡತಿಯ ಹತ್ತಿರ ಕೂತು ಮಾತಾಡು, ನಿನಗಿಂತ ಅವಳ ತಲೆ ನೆಟ್ಟಗಿದೆ. ಅಕ್ಕ ಹೀಗಂದಳಲ್ಲ ಎಂದು ಊಟ ಬಿಡಬೇಡ.

ನಿನ್ನ ಕೈ ಮುಟ್ಟಿದ್ದೆಲ್ಲ ಚಿಗುರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಅಕ್ಕ

ತಾ.ಕ.: ತೀರ್ಮಾನ ಹೇಗಾಯಿತೆಂದು ಮೇಲೆ ಬರೆಯಲಿಲ್ಲ. ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯುವುದು ಬೇಡ. ಮಾಲೀಕರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಎರಡು ಚೂರು ಚಾಕೊಲೇಟ್ ಕೊಟ್ಟರು, ಒಂದು ನಿನ್ನ ಬೀಜದ್ದು, ಇನ್ನೊಂದು ಸೂರ್ಯಕಾಂತಿಯದು. "ನಿಮ್ಮ ತಮ್ಮಂದು ಯಾವುದು ಹೇಳಿ ದೊಡ್ಡಮ್ಮ. ನಿಮ್ಮ ನಾಲಿಗೆ ಒಪ್ಪಿದ್ದನ್ನೇ ಮಾಡೋಣ" ಅಂದರು. ಮೊದಲನೆಯದು ಬಾಯಲ್ಲಿ ಕರಗುತ್ತಿದ್ದಂತೆ ಕಣ್ಣು ತುಂಬಿ ಬಂತು. "ಇದೇ, ಇದೇ ನನ್ನ ತಮ್ಮಂದು" ಅಂದೆ. ಎರಡನೆಯದನ್ನು ಎಲ್ಲರೆದುರು ಉಗುಳಿ, "ಇದನ್ನ ಯಾರು ತಿಂತಾರೆ?" ಎಂದು ನಕ್ಕೆ. ಯಾರೂ ನಗಲಿಲ್ಲ. ಆ ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು.

ಉಗುಳಿದ್ದು ನಿನ್ನದು ಕಣೋ.