ತಂಗಿ ಸ್ಕೂಲಿಗೆ ಹೋಗದ ಐದು ವಾರ

ಸೆಪ್ಟೆಂಬರ್ ೧೯, ಗುರುವಾರ

ಅಸೈನ್‌ಮೆಂಟ್ ಮುಟ್ಟೋಕೂ ಮನಸ್ಸಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಹಾಸ್ಟೆಲಿನಿಂದ ಮನೆಗೆ ಫೋನ್ ಮಾಡಿದರೆ ಎತ್ತಿದ್ದು ತಂಗಿ. ಸ್ಕೂಲ್ ಟೈಮಲ್ಲಿ!

"ಯಾಕೇ ಮನೇಲಿದ್ದೀಯ?"

"ಸುಮ್ನೆ."

ಗದರಿದ ಮೇಲೆ ಬಾಯಿ ಬಿಟ್ಟಳು. ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡು ಐದು ವಾರವಾಯಿತಂತೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ಬೇರೆಯವರ ಅಜ್ಜಿಯರನ್ನು ನೋಡಿಕೊಳ್ಳೋ ಡ್ಯೂಟಿ. ನಮ್ಮಜ್ಜಿಯನ್ನು ನೋಡಿಕೊಳ್ಳೋಕೆ ಹತ್ತನೇ ಕ್ಲಾಸಿನ ಹುಡುಗಿ. ಸೋಮವಾರ ಹೋಗದಿದ್ದರೆ ಸ್ಕೂಲಲ್ಲಿ ಹೆಸರು ಹೊಡೆದುಹಾಕ್ತಾರಂತೆ.

"ನಿನಗೆ ಹೇಳ್ಬೇಡ ಅಂದ್ಲು ಅಮ್ಮ. ನಿನಗೆ ತಲೆ ಇದೆ ಅಕ್ಕ, ನೀನು ಓದು."

ತಲೆಯಂತೆ ತಲೆ! ನನ್ನ ಎಂಟನೇ ಕ್ಲಾಸಿನ ಲೆಕ್ಕಗಳನ್ನು ರಜೆಯಲ್ಲಿ ಬಿಡಿಸಿಕೊಟ್ಟವಳು ಆರನೇ ಕ್ಲಾಸಿನ ಇವಳೇ. ಆಗ ಹಾಸ್ಟೆಲ್ ಸ್ಕೂಲಿನ ಸೀಟಿಗೆ ಹತ್ತು ವರ್ಷ ತುಂಬಿರಬೇಕಿತ್ತು. ನನಗೆ ತುಂಬಿತ್ತು, ಅವಳಿಗೆ ಎಂಟು. ಅವಳಿಗೆ ಹತ್ತಾಗುವಷ್ಟರಲ್ಲಿ ಮನೆಗೆ ಒಬ್ಬಳು ಬೇಕಾಗಿದ್ದಳು. ಇಷ್ಟೇ ನನ್ನ ಟ್ಯಾಲೆಂಟ್.

ಸಂಜೆ ಮತ್ತೆ ಫೋನ್ ಮಾಡಿ ಅಮ್ಮನ ಮೇಲೆ ಕೂಗಾಡಿದೆ. "ಅವಳನ್ನ ಸ್ಕೂಲಿಗೆ ಕಳಿಸು, ದಿಸ್ ಈಸ್ ನಾಟ್ ಫೇರ್!"

"ನಿನ್ನ ಇಂಗ್ಲಿಷು ಬಂದು ಅಜ್ಜಿನ ಮಗ್ಗುಲು ತಿರುಗಿಸುತ್ತಾ?" ಅಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸುಸ್ತು ಅಷ್ಟೇ.

"ನೀನೇ ಬಾ" ಅಂತ ಅವಳು ಅನ್ನಲಿಲ್ಲ. ಸದ್ಯ, ಬಚಾವಾದೆ ಅನ್ನಿಸಿತು. ಛೀ! ಆ ಕ್ಷಣ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ನಾಳೆ ಬೆಳಗ್ಗೆ ಎದ್ದ ತಕ್ಷಣ ಫೋನ್ ಮಾಡಿ, ಒಂದು ತಿಂಗಳು ನಾನೇ ಬಂದು ಇರ್ತೀನಿ ಅಂತ ಹೇಳಿಬಿಡಬೇಕು. ಎದ್ದ ತಕ್ಷಣ. ಆದರೆ ಒಂಬತ್ತಕ್ಕೆ ಲ್ಯಾಬ್ ಟೆಸ್ಟ್ ಇದೆ, ಅದೊಂದು ಮುಗಿಸಿಕೊಂಡು…