ಅತ್ತೆಯ ದಾರಿಯಲ್ಲಿ ಎದ್ದ ಹೂಗಳು

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಅತ್ತೆಗೆ ಹಾಗೆ ಅನ್ನಬಾರದಿತ್ತು. ಅವರ ಗಾಲಿಕುರ್ಚಿ ಗೇಟಿನವರೆಗೆ ಹೋಗಲು ಕೈತೋಟದ ನಡುವೆ ಸಿಮೆಂಟು ದಾರಿ ಬೇಕೆಂದು ಮೂರು ತಿಂಗಳಿಂದ ನನ್ನ ತಲೆ ತಿಂದಿದ್ದರು. "ಇವತ್ತು ಗಾರೆಯವನು ಬರ್ತಾನೆ, ಇನ್ನಾದ್ರೂ ಸುಮ್ಮನಿರಿ" ಎಂದು ರೇಗಿಬಿಟ್ಟೆ. ಸುಮ್ಮನಾದರು. ಅದೇ ಚುಚ್ಚುತ್ತಿದೆ.

ಗಾರೆಯವನು ಬಂದು ಸಲಿಕೆ ಎತ್ತಿದ. ಹೋದ ವಾರದ ಮಳೆಗೆ ದಾರಿಯಾಗಬೇಕಿದ್ದ ಜಾಗದಲ್ಲೆಲ್ಲ ಯಾರೂ ಬಿತ್ತದ ಹಳದಿ, ನೇರಳೆ ಹೂಗಳು ಎದ್ದಿದ್ದವು, ಉಗುರಿನಷ್ಟು ಚಿಕ್ಕವು.

ಬಾಗಿಲಿನಿಂದ ಅತ್ತೆ ಕೂಗಿದರು: "ತಡಿಯಪ್ಪಾ! ಅವು ಬೀಜ ಕಟ್ಟೋವರೆಗೂ ಮುಟ್ಟಬೇಡ."

"ಅಜ್ಜಿ, ಇವು ಬರೀ ಕಳೆ."

"ಈ ಮನೇಲಿ ನಾನೂ ಕಳೆನೇ. ಹಾಗಂತ ಕಿತ್ತು ಹಾಕ್ತಾರಾ?"

ಅವನು ನಕ್ಕು, ತಿಂಗಳು ಬಿಟ್ಟು ಬರುತ್ತೇನೆಂದು ಹೊರಟ. ನನಗೆ ನಗು ಬರಲಿಲ್ಲ.

ಸಂಜೆ ಅವರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಹೂಗಳ ನಡುವೆ ಕೂರಿಸಿದೆ. ಇಷ್ಟು ಹಗುರಾಗಿದ್ದಾರೆಂದು ಗೊತ್ತೇ ಇರಲಿಲ್ಲ. ನನ್ನ ಕುತ್ತಿಗೆಗೆ ಕೈಹಾಕಿ, "ಬೀಳಿಸಿದ್ರೆ ನೋಡು" ಎಂದು ಗದರಿದರು. ನೆಲದ ಮೇಲೆ ಕೂತಾದ ಮೇಲೂ ಆ ಕೈ ತೆಗೆಯಲಿಲ್ಲ. ನಾನೂ ಸೊಂಟ ನೋಯುವವರೆಗೆ ಹಾಗೇ ಬಗ್ಗಿಕೊಂಡೇ ಇದ್ದೆ.